ಹೊಳೆ ನಿಲ್ಲುವ ಹೊತ್ತು

ನಮ್ಮೂರಿನ ಹೊಳೆ ದಿನಕ್ಕೆ ಎರಡು ಸಲ ನಿಲ್ಲುತ್ತದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೇಲುಗಡೆಯ ನೀರು ಮೇಲೇ ಉಳಿಯುತ್ತದೆ, ಕೆಳಗಡೆಯದು ಹರಿದುಹೋಗುತ್ತದೆ, ನಡುವೆ ಬಂಡೆ, ಮರಳು, ಒಂದಿಷ್ಟು ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಜನ ಇಳಿದು ಆಚೆ ದಡಕ್ಕೆ ನಡೆದುಹೋಗುತ್ತಾರೆ. ನೀರು ವಾಪಸು ಬರುವುದಕ್ಕೆ ಸ್ವಲ್ಪ ಮುಂಚೆ ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದ ಮೇಲೆ ಯಾರೂ ನಿಂತು ಮಾತಾಡುವುದಿಲ್ಲ.

ಮನೆಗಳೆಲ್ಲ ಈಚೆ ದಡದಲ್ಲಿವೆ, ಆಸ್ಪತ್ರೆ, ಹೈಸ್ಕೂಲು, ಸಂತೆ ಆಚೆ. ಹಾಗಾಗಿ ನಮ್ಮಲ್ಲಿ ಎಲ್ಲವೂ ಹೊಳೆಯ ಅನುಕೂಲ ನೋಡಿಕೊಂಡು ನಡೆಯುತ್ತದೆ. ಪುರೋಹಿತರು ಮುಹೂರ್ತ ಇಡುವಾಗ ಪಂಚಾಂಗವನ್ನು ಆಮೇಲೆ ತೆಗೆಯುತ್ತಾರೆ. ಎಲ್ಲರ ಮನೆಯಲ್ಲೂ ಒಂದು ಹೆಚ್ಚಿನ ಚಾಪೆ ಇರುತ್ತದೆ, ಸಂಜೆಯ ಹೊಳೆ ತಪ್ಪಿಸಿಕೊಂಡ ನೆಂಟರಿಗೆ. ಉಳಿಸಿಕೊಳ್ಳಲು ಇಷ್ಟವಿಲ್ಲದ ನೆಂಟರಿಗೆ ಊಟ ಮುಗಿದ ಕೂಡಲೇ ಗಂಟೆಯ ವಿಷಯ ನೆನಪಿಸುತ್ತೇವೆ. ಹೊರಗಿನಿಂದ ಬಂದ ಎಂಜಿನಿಯರೊಬ್ಬರು ಇಲ್ಲಿಗೊಂದು ಸೇತುವೆ ಏಕಿಲ್ಲ ಎಂದು ಕೇಳಿದ್ದರು. ನಿಲ್ಲುವ ಹೊಳೆಗೆ ಸೇತುವೆ ಏಕೆ ಎಂದು ನಾವು ಕೇಳಿದೆವು. ಅವರು ಸಂಜೆಯ ಹೊಳೆಗೇ ಹೊರಟುಹೋದರು.

ನನ್ನದು ಚಪ್ಪಲಿ ಕೆಲಸ. ಹೊಳೆಯ ತಳ ಪಾಚಿಯಿಂದ ಜಾರುತ್ತದೆ, ಬರಿಗಾಲಲ್ಲಿ ನಡೆದವರು ಬೀಳುತ್ತಾರೆ. ನಾರಿನ ಅಟ್ಟೆಯ ಚಪ್ಪಲಿಗಳನ್ನು ನಾನೇ ಹೊಲಿದು ಈಚೆ ದಡದಲ್ಲಿ ಬಾಡಿಗೆಗೆ ಕೊಡುತ್ತೇನೆ, ಆಚೆ ದಡದಲ್ಲಿ ನನ್ನ ಚಿಕ್ಕಪ್ಪನ ಮಗ ಇಸಿದುಕೊಳ್ಳುತ್ತಾನೆ. ಯಾರು ಬರುತ್ತಿದ್ದಾರೆ ಎಂದು ತಲೆಯೆತ್ತಿ ನೋಡದೆಯೇ ಪಾದ ನೋಡಿ ಹೇಳಬಲ್ಲೆ.

ನನ್ನ ಹೆಂಡತಿ ದಾಕ್ಷಾಯಣಿ ಮುನಿಸಿಪಾಲಿಟಿಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೊಂದು ಹಳೆಯ ಲಿನಕ್ಸ್ ಕಂಪ್ಯೂಟರ್ ಇದೆ. ಹೊಳೆ ನಿಲ್ಲುವುದು ಅದರಲ್ಲಿ ಹಾಗೆಂದು ಬರೆದಿರುವುದರಿಂದ. ಅವಳಿಗಿಂತ ಮೊದಲು ವಾಮನಯ್ಯ ಎಂಬುವರು ಅಲ್ಲಿದ್ದರು. ನಿವೃತ್ತರಾಗುವ ದಿನ ಅವರು ಇವಳನ್ನು ಕರೆದು ಕುರ್ಚಿ ತೋರಿಸಿದರು, ಫ್ಯಾನಿನ ಸ್ವಿಚ್ಚು ತೋರಿಸಿದರು, ಕೊನೆಗೆ ಕಂಪ್ಯೂಟರ್ ತೋರಿಸಿ, “ಇದನ್ನ ಮುಟ್ಟಬೇಡಮ್ಮ. ಹೊಳೆ ನಿಂತಾಗೆಲ್ಲ ಮುಂದೆ ಕೂತು ನೋಡ್ತಾ ಇರು, ಅಷ್ಟೇ,” ಎಂದರು. ತಾವೂ ಅಷ್ಟನ್ನೇ ಮಾಡಿಕೊಂಡು ಬಂದಿದ್ದರಂತೆ.

ದಾಕ್ಷಾಯಣಿ ಸ್ವಲ್ಪ ಕಾಲ ನೋಡುತ್ತ ಕುಳಿತಳು. ಆದರೆ ಅವಳು ಎದುರಿಗಿರುವ ವಸ್ತುವನ್ನು ಸುಮ್ಮನೆ ನೋಡುವ ಹೆಂಗಸಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ ಪೂರ್ತಿ ಜೋಡಿಸಿದವಳು. ಕಂಪ್ಯೂಟರಿನೊಳಗೇ ಅದರ ವಿವರಣೆಯ ಪುಟಗಳಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದನ್ನೇ ಓದಿ, ಸಂಜೆ ಅಡುಗೆ ಮಾಡುತ್ತ ನನಗೆ ಹೇಳುತ್ತಿದ್ದಳು.

“ಅದರೊಳಗೆ ಕ್ರಾನ್ ಅಂತ ಒಂದಿದೆ ರೀ. ನಿಮಿಷಕ್ಕೊಂದು ಸಲ ಎದ್ದು, ಈಗ ಮಾಡೋ ಕೆಲಸ ಏನಾದ್ರೂ ಇದೆಯಾ ಅಂತ ನೋಡುತ್ತೆ. ಇದ್ರೆ ಮಾಡುತ್ತೆ. ಇಲ್ದಿದ್ರೆ ಮಲಗುತ್ತೆ.”

“ಪುಣ್ಯವಂತ,” ಎಂದೆ.

“ಒಂದು ಕೆಲಸಕ್ಕೆ ಒಂದು ಸಾಲು. ಮೊದಲು ಐದು ಜಾಗ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಆಮೇಲೆ ಯಾರ ಹೆಸರಲ್ಲಿ ಮಾಡಬೇಕು ಅಂತ. ಕೊನೇಲಿ ಏನು ಮಾಡಬೇಕು ಅಂತ. ಯಾವುದಾದ್ರೂ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದ್ರೆ ಅಲ್ಲಿ ಯಾವುದಾದ್ರೂ ಸರಿ ಅಂತರ್ಥ.”

“ಹೊಳೆ ಯಾರ ಹೆಸರಲ್ಲಿ ನಿಲ್ಲುತ್ತೆ?”

“ರೂಟ್ ಅಂತ. ಆ ಕಂಪ್ಯೂಟರಿನ ಯಜಮಾನ.”

“ಯಾರದು?”

“ಸದ್ಯಕ್ಕೆ ನಾನೇ,” ಎಂದು ಒಗ್ಗರಣೆ ಹಾಕಿದಳು.

ಮನೆಯಲ್ಲಿ ಎಲ್ಲದಕ್ಕೂ ಅದೇ ಭಾಷೆ ಶುರುವಾಯಿತು. ಹಾಲು ಬರುವುದು ಸೊನ್ನೆ, ಆರು, ಮೂರು ನಕ್ಷತ್ರ. ನಾನು ಗಡ್ಡ ಮಾಡಿಕೊಳ್ಳುವುದು ವಾರದ ಜಾಗದಲ್ಲಿ ಭಾನುವಾರ. ನಮ್ಮ ತಾಯಿ ಸೊಸೆಯ ಸಾರಿನ ಬಗ್ಗೆ ಮಾತಾಡುವುದು ಐದೂ ನಕ್ಷತ್ರ, ಎಂದರೆ ಪ್ರತಿ ತಿಂಗಳು, ಪ್ರತಿ ದಿನ, ಪ್ರತಿ ನಿಮಿಷ. ಇದೇನೋ ಹೊಗಳಿಕೆ ಇರಬೇಕೆಂದುಕೊಂಡು ನಮ್ಮ ತಾಯಿ ಪಕ್ಕದ ಮನೆಯವರಿಗೂ ಹೇಳಿಕೊಂಡರು.

ಹೀಗಿರುವಾಗ ಮುನಿಸಿಪಾಲಿಟಿಗೆ ಜಯಶೀಲ ಎಂಬ ಹೊಸ ಚೀಫ್ ಆಫೀಸರ್ ಬಂದರು. ಆಸ್ಪತ್ರೆಯಲ್ಲಿ ಪ್ರತಿ ತಿಂಗಳ ಮೊದಲನೇ ಸೋಮವಾರ ಕಣ್ಣಿನ ಶಿಬಿರ ನಡೆಸುವುದೆಂದು ಅವರು ಏರ್ಪಾಡು ಮಾಡಿದರು. ಕಣ್ಣಿನ ಡಾಕ್ಟರು ಊರಿಗೆ ಬರುವುದೇ ಮಧ್ಯಾಹ್ನ. ಮುದುಕರು ಬೆಳಗಿನ ಹೊಳೆಗೆ ಹೋಗಿ ಆಚೆ ದಡದ ಬಿಸಿಲಲ್ಲಿ ಕಾಯಬಾರದು, ಆ ಸೋಮವಾರ ಹೊಳೆ ಮಧ್ಯಾಹ್ನ ಹನ್ನೆರಡಕ್ಕೂ ಅರ್ಧ ಗಂಟೆ ನಿಲ್ಲಲಿ ಎಂದು ಆದೇಶ ಕೊಟ್ಟರು.

ಕಂಪ್ಯೂಟರಿಗೆ ಹೊಸದಾಗಿ ಏನನ್ನಾದರೂ ಬರೆಯಬೇಕಾಗಿ ಬಂದದ್ದು ಅದೇ ಮೊದಲು. ದಾಕ್ಷಾಯಣಿ ತಲೆಸ್ನಾನ ಮಾಡಿ ಹೋದಳು. ಹನ್ನೆರಡಕ್ಕೆ ತಡೆ, ಹನ್ನೆರಡೂ ಇಪ್ಪತ್ತೈದಕ್ಕೆ ಗಂಟೆ, ಹನ್ನೆರಡೂವರೆಗೆ ಬಿಡು ಎಂದು ಮೂರು ಸಾಲು ಬರೆದಳು. ತಾರೀಕಿನ ಜಾಗದಲ್ಲಿ ಒಂದರಿಂದ ಏಳು, ವಾರದ ಜಾಗದಲ್ಲಿ ಸೋಮವಾರ.

“ಒಂದರಿಂದ ಏಳರೊಳಗೆ ಸೋಮವಾರ ಒಂದೇ ಸಲ ಬರೋದು, ಅಲ್ವಾ?” ಎಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು.

ನಾನು ಬೆರಳು ಮಡಿಸಿ ನೋಡಿ, ಹೌದು ಎಂದೆ. ನಮ್ಮ ತಾಯಿಯೂ ಹೌದು ಎಂದರು. ಗಂಟೆಯ ಕಮಾಂಡನ್ನು ಅವಳು ಕೈಯಾರೆ ಒತ್ತಿ ನೋಡಿದ್ದಳು, ಸರಿಯಾಗಿ ಹೊಡೆದಿತ್ತು. ಆ ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದ ಜನ, ಹೊಳೆಯಲ್ಲಿ ಯಾರೂ ಇಲ್ಲದಿದ್ದರೂ, ದಡದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

ಆ ತಿಂಗಳ ಒಂದನೇ ತಾರೀಕು ಗುರುವಾರ. ಶಿಬಿರಕ್ಕೆ ಇನ್ನೂ ದಿನವಿತ್ತು. ಮಧ್ಯಾಹ್ನ ನಾನು ಅಂಗಡಿಯಲ್ಲಿ ಅಟ್ಟೆ ಹೊಲಿಯುತ್ತಿದ್ದೆ, ಕಿವಿಯಲ್ಲಿ ಏನೋ ಕಡಿಮೆಯಾದಂತಾಯಿತು. ತಲೆಯೆತ್ತಿದರೆ ಹೊಳೆ ನಿಂತಿದೆ.

ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಮಧ್ಯಾಹ್ನವೂ ನಿಲ್ಲಿಸುತ್ತಾರೆಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಯಾವ ದಿನ ಎಂಬುದು ಕೆಲವರಿಗೆ ಮಾತ್ರ ನೆನಪಿತ್ತು. ಮುನಿಸಿಪಾಲಿಟಿಯವರು ಹೇಳಿದ್ದಕ್ಕಿಂತ ಹೆಚ್ಚು ಮಾಡಿದ್ದು ಇದೇ ಮೊದಲು ಎಂದು ಒಬ್ಬರು ಮೆಚ್ಚಿಕೊಂಡರು. ಜನ ಇಳಿದರು. ಆಚೆ ಹೋಗುವ ಕೆಲಸವಿದ್ದವರು ಆಚೆ ಹೋದರು, ಕೆಲಸವಿಲ್ಲದವರು ಗುಂಡಿಯಲ್ಲಿ ಮೀನು ಹಿಡಿಯತೊಡಗಿದರು. ಗಂಟೆ ಇದೆಯಲ್ಲ, ಹೊಡೆದಾಗ ಮೇಲೆ ಹತ್ತಿದರಾಯಿತು ಎಂಬ ಧೈರ್ಯ. ನಾನೂ ನಾಲ್ಕು ಜೊತೆ ಚಪ್ಪಲಿ ತೋಳಿಗೆ ಸಿಕ್ಕಿಸಿಕೊಂಡು ಇಳಿದೆ.

ಹೊಳೆಯ ನಡುವೆ ಸಣ್ಣತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಚೆ ದಡದ ಹೋಟೆಲುಗಳಿಗೆ ಹಾಲು ಹಾಕುವವಳು. ಅವಳ ಎಮ್ಮೆ ಚೆಂದುಳ್ಳಿ ದೊಡ್ಡ ಗುಂಡಿಯೊಂದರಲ್ಲಿ ಮಲಗಿ ಕಣ್ಣು ಮುಚ್ಚಿತ್ತು. ಮೂಗು ಮತ್ತು ಬೆನ್ನು ಮಾತ್ರ ಮೇಲಿದ್ದವು.

“ಏಳ್ತಾ ಇಲ್ವಾ?” ಎಂದು ಕೇಳಿದೆ.

“ಬಿಸಿಲು ಕಣಪ್ಪ. ಈ ಹೊತ್ತಲ್ಲಿ ನೀರು ಕಂಡ್ರೆ ನಾನೂ ಏಳಾಕಿಲ್ಲ,” ಎಂದಳು.

ಅದೇ ಹೊತ್ತಿಗೆ ಪಂಪ್‌ಹೌಸಿನಲ್ಲಿ ಆದದ್ದನ್ನು ದಾಕ್ಷಾಯಣಿ ಆಮೇಲೆ ಹೇಳಿದಳು. ಅವಳು ಬುತ್ತಿ ಬಿಚ್ಚಿದ್ದಳಂತೆ. ಸದ್ದು ನಿಂತದ್ದು ಕೇಳಿ ಕಿಟಕಿಯಿಂದ ನೋಡಿ, ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನ ಮೂರು ಸಾಲುಗಳನ್ನು ತೆರೆದು ಓದಿದಳು. ತಪ್ಪೇನೂ ಕಾಣಲಿಲ್ಲ. ಸರಿ, ಏನೇ ಆಗಿರಲಿ, ಇಪ್ಪತ್ತೈದಕ್ಕೆ ಗಂಟೆ ಹೊಡೆಯುತ್ತದೆ, ಜನ ಹತ್ತುತ್ತಾರೆ, ಕಾರಣವನ್ನು ಆಮೇಲೆ ಹುಡುಕೋಣ ಎಂದುಕೊಂಡಳು. ಇಪ್ಪತ್ತೈದಾಯಿತು. ಗಂಟೆ ಹೊಡೆಯಲಿಲ್ಲ. ಕಿಟಕಿಯಿಂದ ನೋಡಿದರೆ ಹೊಳೆಯಲ್ಲಿ ಅರ್ಧ ಊರು ಮೀನು ಹಿಡಿಯುತ್ತಿದೆ.

ಅವಳು ಮೊದಲು ಮಾಡಬೇಕಾದ್ದನ್ನೇ ಮೊದಲು ಮಾಡಿದಳು. ‘ಬಿಡು’ ಎಂಬ ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ ಉಳಿಸಿದಳು. ಆ ಗುರುತಿನಿಂದ ಶುರುವಾಗುವ ಸಾಲನ್ನು ಕ್ರಾನ್ ಓದುವುದಿಲ್ಲ. ಹನ್ನೆರಡೂವರೆ ದಾಟಿತು, ನೀರು ಬರಲಿಲ್ಲ. ಆಗ ಗಂಟೆಯನ್ನು ಕೈಯಾರೆ ಒತ್ತಿದಳು. ಈಗ ಅದು ಜೋರಾಗಿ ಹೊಡೆಯಿತು.

ಜನ ಮೀನು ಬಿಟ್ಟು ಎರಡೂ ದಡಕ್ಕೆ ಓಡಿದರು. ನಾನೂ ಹೊರಟೆ, ಸಣ್ಣತಾಯಮ್ಮ ಹೊರಡಲಿಲ್ಲ. ಹಗ್ಗ ಎಳೆದಳು, ಬಾಲ ತಿರುಚಿದಳು, ಬೈದಳು. ಚೆಂದುಳ್ಳಿ ಒಂದು ಕಿವಿ ಅಲ್ಲಾಡಿಸಿತು.

“ಎಮ್ಮೆ ಬಿಟ್ಟು ಬಾರಮ್ಮ!” ಎಂದೆ.

“ಇವಳನ್ನ ಬುಟ್ಟು ಮನೆಗೋಗಿ ಯಾರ ಮಕ ನೋಡ್ಲಿ? ನೀನು ಓಗು.”

ಹೋಗಬಹುದಿತ್ತು. ಎರಡು ಹೆಜ್ಜೆ ಇಟ್ಟೂ ಇದ್ದೆ. ಅವಳು ಒಬ್ಬಳೇ ಹಗ್ಗ ಹಿಡಿದು ನಿಂತದ್ದನ್ನು ನೋಡಿ ವಾಪಸು ಬಂದು ಇನ್ನೊಂದು ಕಡೆಯಿಂದ ಎಳೆಯತೊಡಗಿದೆ. ಆಗ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು.

“ರೀ, ಎಲ್ಲಿದ್ದೀರಿ?” ದಾಕ್ಷಾಯಣಿಯ ದನಿ.

“ಹೊಳೆಯಲ್ಲಿ.”

“ಯಾಕೆ?” ಎಂದಳು.

“ಎಮ್ಮೆ ಏಳ್ತಿಲ್ಲ.”

“ಯಾರ ಎಮ್ಮೆ?”

“ಸಣ್ಣತಾಯಮ್ಮಂದು. ಅವಳೂ ಬರ್ತಿಲ್ಲ.”

“ಆಯ್ತು. ಅಲ್ಲೇ ಇರಿ, ಫೋನ್ ಇಡಬೇಡಿ. ನಾನಾಗಿ ಹೇಳೋವರೆಗೂ ನೀರು ಬರಲ್ಲ,” ಎಂದಳು. ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಅಷ್ಟರಲ್ಲಿ ಅವಳ ಕಡೆ ಪಂಪ್‌ಹೌಸಿನ ದೊಡ್ಡ ಫೋನು ಬಡಿಯುವುದು ನನಗೂ ಕೇಳಿಸಿತು. ಆ ಮಾತುಗಳನ್ನು ನಾನು ಹೊಳೆಯ ನಡುವೆ ನಿಂತೇ ಕೇಳಿದೆ.

ಮಾತಾಡುತ್ತಿದ್ದವರು ಜಯಶೀಲ ಸಾಹೇಬರು. ಇಷ್ಟು ಹೊತ್ತು ಹೊಳೆ ಎಂದೂ ನಿಂತದ್ದಿಲ್ಲ. ಮೇಲಿನ ನೀರು ಏರುತ್ತ ಏರುತ್ತ ಮೇಲ್ಬೀದಿಗೆ ನುಗ್ಗಿತ್ತು. ಮೊದಲ ಮನೆ ಅವರದೇ ಕ್ವಾರ್ಟರ್ಸು.

“ನೀರು ಅಡುಗೆಮನೆಗೆ ಬಂದಿದೆ! ಬಿಡ್ರೀ ಹೊಳೇನ!”

“ಕೆಳಗೆ ಇಬ್ಬರಿದ್ದಾರೆ ಸರ್. ಒಂದು ಎಮ್ಮೆ ಇದೆ.”

“ಇಲ್ಲಿ ಇಡೀ ಬೀದಿ ಇದೆ! ಪಕ್ಕದ ಮನೇಲಿ ಲಕ್ವ ಹೊಡೆದ ಅಜ್ಜಿ ಇದಾರೆ, ಮಂಚದ ಕಾಲು ಮುಳುಗಿದೆ!”

ಬಿಟ್ಟರೆ ಅಷ್ಟು ಏರಿದ ನೀರು ಒಟ್ಟಿಗೇ ಬಂದು ನಮ್ಮನ್ನು ಬಂಡೆಗೆ ಬಡಿಯುತ್ತಿತ್ತು. ಬಿಡದಿದ್ದರೆ ಅಜ್ಜಿಯ ಮಂಚ. ನಾನು ಹಗ್ಗವನ್ನು ಇನ್ನೂ ಬಲವಾಗಿ ಎಳೆದೆ, ಅದರಿಂದೇನೂ ಆಗಲಿಲ್ಲ. ಹೆಂಡತಿ ಒಂದು ಮಾತು ಹೇಳಿದ್ದರೆ ಸಣ್ಣತಾಯಮ್ಮನನ್ನು ಹೊತ್ತುಕೊಂಡಾದರೂ ಓಡಲು ನೋಡುತ್ತಿದ್ದೆ, ಅವಳು ನನಗಿಂತ ಭಾರವಿದ್ದಾಳೆ ಎಂಬುದು ಬೇರೆ ಮಾತು.

“ರೀ,” ಎಂದಳು ಕೊನೆಗೆ. “ಎಮ್ಮೆಗೆ ಈಜು ಬರುತ್ತಾ?”

ಕೇಳಿದೆ. “ಎಮ್ಮೆಗೆ ಈಜು ಬತ್ತದಾ ಅಂತ ಕೇಳ್ತೀಯಲ್ಲಪ್ಪ. ಹೊಳೆ ಸೆಳೆತ ಜಾಸ್ತಿ ಅಂತ ಇಳಿಸಾಕಿಲ್ಲ, ಅಷ್ಟೇಯ. ನಿಂತ ನೀರಾದ್ರೆ ಆಚೆ ದಡ ಅಲ್ಲ, ಆಚೆ ಊರಿಗೋಗ್ತಾಳೆ,” ಎಂದಳು ಸಣ್ಣತಾಯಮ್ಮ.

“ಹಾಗಾದ್ರೆ ಇಬ್ಬರೂ ಎಮ್ಮೇನ ಗಟ್ಟಿಯಾಗಿ ಹಿಡ್ಕೊಳ್ಳಿ. ಸ್ವಲ್ಪ ಸ್ವಲ್ಪ ಕಳಿಸ್ತೀನಿ.”

ಅವಳು ಹೊಸದೊಂದು ಸಾಲು ಬರೆದಳು. ಐದೂ ಜಾಗದಲ್ಲಿ ನಕ್ಷತ್ರ. ಮುಂದೆ, ಬಿಡು, ಐದು ಎಣಿಸು, ತಡೆ. ನಿಮಿಷಕ್ಕೊಂದು ಸಲ, ಐದು ಎಣಿಸುವಷ್ಟು ನೀರು. ಮೊದಲ ಕಂತು ಬಂಡೆಗಳ ನಡುವೆ ಬುಸ್ಸೆಂದು ಬಂದು ನಮ್ಮ ಕಣಕಾಲು ತೋಯಿಸಿ ಹೋಯಿತು. ಎರಡನೆಯದು ಹೋಗದೆ ಗುಂಡಿಗಳಲ್ಲಿ ನಿಂತಿತು. ಹೊಳೆ ಏದುಸಿರು ಬಿಡುತ್ತಿರುವಂತೆ ನೀರು ಬಂದು ನಿಂತು, ಬಂದು ನಿಂತು, ಮೊಣಕಾಲಿಗೆ, ಸೊಂಟಕ್ಕೆ ಏರಿತು. ನನಗೆ ಈಜು ಬಾರದು. ಹೊಳೆ ನಿಲ್ಲುವ ಊರಿನಲ್ಲಿ ಯಾರೂ ಕಲಿಯುವುದಿಲ್ಲ. ಚೆಂದುಳ್ಳಿಯ ಕೊಂಬು ಹಿಡಿದು ಅದರ ಬೆನ್ನಿಗೆ ಎದೆ ಆನಿಸಿ ನಿಂತೆ. ಬೆನ್ನ ಮೇಲೆ ನೀರು ಬಂದಾಗ ಅದು ಕಣ್ಣು ತೆರೆಯಿತು. ನಿಧಾನವಾಗಿ ಎದ್ದಿತು. ಕಾಲಿಗೆ ನೆಲ ಸಿಗದಾದಾಗ ಕತ್ತು ಚಾಚಿ ನಮ್ಮಿಬ್ಬರನ್ನೂ ಎಳೆದುಕೊಂಡು ಹೊರಟಿತು. ನಾನು ಕೊಂಬಿನಲ್ಲಿ, ಸಣ್ಣತಾಯಮ್ಮ ಬಾಲದಲ್ಲಿ, ದಡದ ಮೇಲೆ ಇಡೀ ಊರು.

ಫೋನು ನೀರು ಕುಡಿದಿತ್ತು. ದಡ ಹತ್ತಿ ಟವಲು ಬೀಸಿದೆ. ಕಿಟಕಿಯಲ್ಲಿ ಅವಳ ತಲೆ ಕಂಡಿತು, ಮತ್ತೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಹೊಳೆ ಎಂದಿನಂತೆ ಹರಿಯಿತು. ಅಷ್ಟರಲ್ಲಿ ಮೇಲ್ಬೀದಿಯ ನೀರೂ ಇಳಿದಿತ್ತು. ಅಜ್ಜಿಯ ಮಂಚದ ಕೆಳಗೆ ಎರಡು ಮೀನು ಸಿಕ್ಕವಂತೆ.

ನಾನು ಒದ್ದೆ ಬಟ್ಟೆಯಲ್ಲೇ ಪಂಪ್‌ಹೌಸಿಗೆ ಹೋದೆ. ದಾಕ್ಷಾಯಣಿ ನನ್ನನ್ನು ನೋಡಿ ಎದ್ದು ನಿಂತಳು, ತಲೆಯಿಂದ ಕಾಲಿನವರೆಗೆ ನೋಡಿದಳು, ಏನೋ ಹೇಳಲು ಬಾಯಿ ತೆರೆದು, “ಚಪ್ಪಲಿ ಹೊರಗೆ ಬಿಡಿ,” ಎಂದಳು. ಆಮೇಲೆ ಕುರ್ಚಿಯ ಬೆನ್ನಿಗೆ ತಲೆಯಾನಿಸಿ ಬಹಳ ಹೊತ್ತು ಅತ್ತಳು. ನಾನು ಫ್ಯಾನು ಹಾಕಿದೆ.

ಕಾರಣ ಅವಳಿಗೆ ಸಂಜೆಯ ಹೊತ್ತಿಗೆ ಸಿಕ್ಕಿತು, ಅದೇ ವಿವರಣೆಯ ಪುಟಗಳಲ್ಲಿ. ತಾರೀಕು, ವಾರ ಎರಡನ್ನೂ ಬರೆದರೆ ಕ್ರಾನ್ ಎರಡೂ ಕೂಡಿಬರಲಿ ಎಂದು ಕಾಯುವುದಿಲ್ಲ, ಯಾವುದಾದರೂ ಒಂದು ಬಂದರೆ ಸಾಕು, ಕೆಲಸ ಶುರು ಮಾಡುತ್ತದೆ. ಹಾಗಾಗಿ ಹೊಳೆ ಒಂದರಿಂದ ಏಳರವರೆಗೆ ಪ್ರತಿ ದಿನ, ಜೊತೆಗೆ ತಿಂಗಳ ಎಲ್ಲ ಸೋಮವಾರ ನಿಲ್ಲುವುದಿತ್ತು. ಗಂಟೆಯ ಕಥೆ ಬೇರೆ. ಅವಳು ಕೈಯಾರೆ ಒತ್ತಿದಾಗ, ಗಂಟೆಯ ಕಮಾಂಡನ್ನು ಎಲ್ಲೆಲ್ಲಿ ಹುಡುಕಬೇಕೆಂದು ಅವಳು ಲಾಗಿನ್ ಆದಾಗಲೇ ಕಂಪ್ಯೂಟರಿಗೆ ಗೊತ್ತಾಗಿರುತ್ತಿತ್ತು. ಕ್ರಾನ್ ತಾನಾಗಿ ಎದ್ದಾಗ ಅದಕ್ಕೆ ಗೊತ್ತಿರುವುದು ಒಂದೆರಡು ಜಾಗ ಮಾತ್ರ. ಮನೆಯ ಪೂರ್ತಿ ವಿಳಾಸ ಬರೆಯದೆ ‘ಗಂಟೆ’ ಎಂದಷ್ಟೇ ಬರೆದರೆ ಅದು ಹುಡುಕಿ, ಸಿಗದೆ, ಸುಮ್ಮನಾಗುತ್ತದೆ. ತಡೆ, ಬಿಡು ಎರಡನ್ನೂ ಅವಳು ಹಳೆಯ ಸಾಲುಗಳಿಂದ ವಿಳಾಸ ಸಮೇತ ನಕಲು ಮಾಡಿದ್ದಳು, ಗಂಟೆಯನ್ನು ಮಾತ್ರ ಕೈಯಾರೆ ಒತ್ತಿದ ಹಾಗೆಯೇ ಬರೆದಿದ್ದಳು.

“ತಾರೀಕು ಹಾಗೇ ಇಟ್ಟೆ, ವಾರದ ಜಾಗಕ್ಕೆ ನಕ್ಷತ್ರ ಹಾಕಿದೆ,” ಎಂದಳು. “ಸೋಮವಾರನಾ ಅಂತ ಕೆಲಸದೊಳಗೇ ಕೇಳಿಸಿದೀನಿ. ಹೌದಾದ್ರೆ ನಿಲ್ಲು, ಅಲ್ಲಾಂದ್ರೆ ಸುಮ್ಮನಿರು ಅಂತ. ಗಂಟೆಗೆ ಪೂರ್ತಿ ವಿಳಾಸ ಕೊಟ್ಟಿದೀನಿ.”

ಮಾರನೆಯ ದಿನ ಜಯಶೀಲ ಸಾಹೇಬರು ಅವಳನ್ನು ಆಫೀಸಿಗೆ ಕರೆಸಿದರು. ನಾನೂ ಹೋಗಿ ಬಾಗಿಲಲ್ಲಿ ನಿಂತೆ.

“ಇನ್ನು ಮುಂದೆ ಹೀಗಾಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?” ಎಂದರು.

“ಇದೇ ತಪ್ಪು ಆಗಲ್ಲ ಸರ್. ಬೇರೆ ಯಾವುದಾದ್ರೂ ಆಗಬಹುದು.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಸೋಮವಾರ ನೋಡ್ತೀನಿ. ಅವತ್ತು ಗಂಟೆ ಹೊಡೀದಿದ್ರೆ ವಾಮನಯ್ಯನವರನ್ನೇ ವಾಪಸು ಕರೆಸ್ತೀನಿ.”

“ಅವರು ಮುಟ್ಟಲ್ಲ ಸರ್,” ಎಂದಳು ದಾಕ್ಷಾಯಣಿ.

ಅಷ್ಟರಲ್ಲಿ ಸಣ್ಣತಾಯಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು. ದೂರು ಹೇಳಲು ಬಂದಿದ್ದಾಳೆಂದು ಸಾಹೇಬರು ಸೆಟೆದು ಕುಳಿತರು. ಅವಳ ದೂರು ಬೇರೆಯೇ ಆಗಿತ್ತು. “ಸೋಮಿ, ಇವತ್ತು ಮಧ್ಯಾನ ಯಾಕೆ ನಿಲ್ಸಲಿಲ್ಲ? ಚೆಂದುಳ್ಳಿ ದಡದಲ್ಲೇ ಕಾಯ್ತಾ ಕುಂತವಳೆ,” ಎಂದಳು.

ಸೋಮವಾರ ಕಣ್ಣು ತೋರಿಸಿಕೊಳ್ಳುವವರೆಲ್ಲ ಹೊತ್ತಿಗೆ ಮುಂಚೆಯೇ ದಡಕ್ಕೆ ಬಂದರು. ಆದರೆ ಯಾರೂ ಚಪ್ಪಲಿ ಕೇಳಲಿಲ್ಲ. ಗುರುವಾರದ್ದನ್ನು ಎಲ್ಲರೂ ನೋಡಿದ್ದರು. ಹನ್ನೆರಡಕ್ಕೆ ಸರಿಯಾಗಿ ಹೊಳೆ ನಿಂತಿತು. ಜನ ನೋಡುತ್ತ ನಿಂತರು, ಒಬ್ಬರೂ ಇಳಿಯಲಿಲ್ಲ. ಜಯಶೀಲ ಸಾಹೇಬರು ಕೊಡೆ ಹಿಡಿದು ಬಂದಿದ್ದರು, ಅವರೂ ಇಳಿಯಲಿಲ್ಲ.

ನನ್ನ ಮಣೆಯ ಮುಂದೆ ಎರಡು ಪಾದ ಬಂದು ನಿಂತವು. ಯಾರವೆಂದು ನನಗೆ ತಿಳಿಯಲಿಲ್ಲ. ತಲೆಯೆತ್ತಿದೆ. ದಾಕ್ಷಾಯಣಿ. ಪಂಪ್‌ಹೌಸಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ಒಂದು ಜೊತೆ ಕೊಡಿ,” ಎಂದಳು.

“ನೀನು ಅಲ್ಲಿ ಕೂತಿರಬೇಕಲ್ವಾ?”

“ಕೂತು ಏನು ಮಾಡಲಿ? ನಾನು ನೋಡ್ತಿದೀನಿ ಅಂತ ಅದು ಮಾಡೋದಲ್ಲ. ಬರೆದಿರೋದನ್ನ ಮಾಡುತ್ತೆ.”

ಯಾವ ಅಳತೆ ಕೊಡಬೇಕೆಂದು ನನಗೆ ಗೊತ್ತಾಗಲಿಲ್ಲ. ಊರಿನ ಪಾದಗಳನ್ನೆಲ್ಲ ಬಲ್ಲ ನಾನು ಹೆಂಡತಿಗೆ ಮೂರು ಜೊತೆ ಹಾಕಿಸಿ ನೋಡಬೇಕಾಯಿತು. ಹೊಳೆ ನಿಂತಾಗೆಲ್ಲ ಅವಳು ಕಂಪ್ಯೂಟರಿನ ಮುಂದೆ ಇರುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆಯೂ ಆಚೆ ದಡಕ್ಕೆ ಹೋಗಿರಲಿಲ್ಲ. ಅದು ನನಗೆ ಹೊಳೆದದ್ದೂ ಆಗಲೇ.

ಅವಳು ಯಾರ ಕಡೆಗೂ ನೋಡದೆ ಇಳಿದಳು. ನಾನು ಹಿಂದೆ ಹೋದೆ. ಸಣ್ಣತಾಯಮ್ಮ ಎಮ್ಮೆಯೊಂದಿಗೆ ಇಳಿದಳು. ಆಮೇಲೆ ಒಬ್ಬೊಬ್ಬರಾಗಿ ಮುದುಕರು, ಕೊನೆಗೆ ಕೊಡೆ ಹಿಡಿದ ಸಾಹೇಬರು. ದಾಕ್ಷಾಯಣಿ ಮೆಲ್ಲಗೆ ನಡೆದಳು. ಪಾಚಿ ಮುಟ್ಟಿ ನೋಡಿದಳು, ಬಂಡೆಗಳ ಹೊಟ್ಟೆಯಲ್ಲಿ ನೀರು ಕೊರೆದ ಗುಳಿಗಳನ್ನು ನೋಡಿದಳು. ಉಳಿದವರೆಲ್ಲ ನಮ್ಮನ್ನು ದಾಟಿ ಹೋದರು. ಆಚೆ ದಡ ಇನ್ನೂ ಒಂದಿಷ್ಟು ದೂರವಿರುವಾಗ ನಿಂತುಬಿಟ್ಟಳು.

“ಬೇಗ ಬಾರೇ,” ಎಂದೆ.

ಅವಳು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ಅವಳ ಹಣೆಯ ಮೇಲೆ ಬೆವರಿತ್ತು. ಆಗ ಗಂಟೆ ಹೊಡೆಯಿತು. ಕೋಣೆಗೆ ಬೀಗ, ಕುರ್ಚಿ ಖಾಲಿ, ಆದರೂ ಹೊಡೆಯಿತು. ದಡದಿಂದ ಜನ ಬನ್ನಿ ಬನ್ನಿ ಎಂದು ಕೂಗುತ್ತಿದ್ದರು. ಅವಳು ಕೊನೆಯ ಬಡಿತದವರೆಗೂ ಕೇಳಿಸಿಕೊಂಡು, ಸೀರೆಯ ನಿರಿಗೆ ಎತ್ತಿ ಹಿಡಿದು, ನನಗಿಂತ ಮುಂಚೆ ದಡ ಹತ್ತಿದಳು. ನಮ್ಮ ಹಿಂದೆ ಹೊಳೆ ತನ್ನ ಹೊತ್ತಿಗೆ ಸರಿಯಾಗಿ ಬಂದು ತುಂಬಿಕೊಂಡಿತು.

ಜನ ಆಸ್ಪತ್ರೆಯ ಕಡೆ ಹೊರಟುಹೋದರು. ದಡದಲ್ಲಿ ನಾವಿಬ್ಬರೇ ಉಳಿದೆವು. ನಮ್ಮ ಕಣ್ಣು ಚೆನ್ನಾಗಿದ್ದವು, ಸಂತೆಯ ದಿನವಲ್ಲ, ವಾಪಸು ಹೋಗಬೇಕೆಂದರೆ ಸಂಜೆಯ ಹೊಳೆಯೇ ಗತಿ.

“ಅಲ್ಲೀವರೆಗೆ ಏನು ಮಾಡೋದು?” ಎಂದೆ.

ಅವಳು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಹೋಟೆಲು, ಬಳೆ ಅಂಗಡಿ, ಹಿಟ್ಟಿನ ಗಿರಣಿ, ಕಟ್ಟೆಯ ಮೇಲೆ ಮಲಗಿದ್ದ ಒಂದು ನಾಯಿ.

“ಏನೂ ಬರೆದಿಲ್ಲ,” ಎಂದು ಹೇಳಿ, ನನಗಾಗಿ ಕಾಯದೆ ನಡೆದಳು.